ಬಾಗಿಲ ಪಕ್ಕದ ಹೆಸರು

ನಮ್ಮ ಮನೆಯ ಬಾಗಿಲ ಪಕ್ಕದಲ್ಲಿದ್ದ ತಗಡಿನ ನಾಮಫಲಕವು ನೇಸರಗಿಯ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. 1991ರಲ್ಲಿ ಪೇಂಟರ್ ಒಬ್ಬರು ನೀಲಿಯ ಮೇಲೆ ಬಿಳಿ ಬಣ್ಣದಿಂದ ನನ್ನ ಹೆಸರನ್ನೂ ಅದರ ಕೆಳಗೆ ‘ಬಿ.ಎಸ್‌ಸಿ., ಬಿ.ಎಡ್.’ ಎಂಬುದನ್ನೂ ಬರೆದುಕೊಟ್ಟಿದ್ದರು. ಪಡುವಣ ಬಿಸಿಲು ನೇರವಾಗಿ ಬೀಳುವ ಗೋಡೆ ಅದು. ಮೊದಲು ಪದವಿ ಅಳಿಯಿತು, ಅನಂತರ ಹೆಸರು. ಅದರ ಬಗ್ಗೆ ನನಗೆ ವಿಷಾದವಿರಲಿಲ್ಲ. ಆದರೆ ಹೋದ ವರ್ಷ ನನ್ನ ಪತ್ನಿ ತೀರಿಕೊಂಡ ಮೇಲೆ, ಆ ಫಲಕದ ಮೇಲೆ ಅವಳ ಹೆಸರು ಎಂದೂ ಇರಲೇ ಇಲ್ಲವೆಂಬುದು ನನ್ನ ಗಮನಕ್ಕೆ ಬಂದಿತು. ಮೂವತ್ತು ವರ್ಷ ಆ ಬಾಗಿಲನ್ನು ತೆರೆದವಳು ಅವಳೇ.

ಹೊಸ ಫಲಕವನ್ನು ಲೋಹದಲ್ಲಿಯೇ ಮಾಡಿಸಬೇಕೆಂದು ನಿಶ್ಚಯಿಸಿ ಬೆಳಗಾವಿಗೆ ಹೋದೆ. ಅಂಗಡಿಯವರು ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಲೇಸರ್‌ನಿಂದ ಬರೆಸಿಕೊಳ್ಳಿರೆಂದರು. ಅದು ನಿಮಿಷಗಳ ಕೆಲಸ. ಆದರೆ ಅವರು ತೋರಿಸಿದ ಬಗೆಯಲ್ಲಿ ಲೋಹವು ಕೆತ್ತಿಹೋಗುವುದಿಲ್ಲ. ಕಾವಿಗೆ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರವು ಮೂಡಿ ಅಕ್ಷರ ಕಪ್ಪಾಗಿ ಕಾಣುತ್ತದೆ, ಅಷ್ಟೇ. ಬೆರಳಾಡಿಸಿದರೆ ಕೈಗೆ ಏನೂ ಹತ್ತಲಿಲ್ಲ. ನೋಡಲು ಚೆಂದವಾಗಿತ್ತು, ಒಂದು ಮಾದರಿ ಮಾಡಿಕೊಡಿರೆಂದು ಎರಡೂ ಹೆಸರುಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಮಾದರಿ ಬಂದಾಗ ಅವಳ ಹೆಸರಿನ ಒತ್ತಕ್ಷರವು ಒಡೆದುಹೋಗಿತ್ತು. ಕೆಳಗೆ ಕೂಡಬೇಕಾದ ಒತ್ತು, ಪಕ್ಕದಲ್ಲಿ ಇಡಿಯ ಅಕ್ಷರವಾಗಿ ಬಂದು ನಿಂತಿತ್ತು. ಮೊಬೈಲಿನ ಯೂನಿಕೋಡ್ ಅಕ್ಷರವನ್ನು ಅವರ ಗಣಕಯಂತ್ರದ ತಂತ್ರಾಂಶವು ಸರಿಯಾಗಿ ಜೋಡಿಸುತ್ತಿರಲಿಲ್ಲ. “ಓದಾಕ ಬರ್ತೈತಲ್ರೀ ಸರ್” ಎಂದ ಹುಡುಗ. ಮೂವತ್ತೈದು ವರ್ಷ ಮಕ್ಕಳ ಪಟ್ಟಿಗಳಲ್ಲಿ ಒತ್ತು ತಿದ್ದಿದವನಿಗೆ ಹೇಳುವ ಮಾತೇ ಅದು!

ಆ ಮಾದರಿಯನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ಆ ಸಂಜೆ ಅಡುಗೆಮನೆಯ ಅಟ್ಟದಿಂದ ಹಿತ್ತಾಳೆಯ ಕೊಡವನ್ನು ಇಳಿಸಿದೆ. 1986ರ ನಮ್ಮ ಮದುವೆಯಲ್ಲಿ ಅವಳ ತವರಿನವರು ಕೊಟ್ಟದ್ದು. ಕೊಡದ ಕಂಠದಲ್ಲಿ ಅವಳ ತವರಿನ ಹೆಸರು ಮತ್ತು ಇಸವಿ, ಚುಕ್ಕೆಚುಕ್ಕೆಯಾಗಿ. ಪಾತ್ರೆಯ ಅಂಗಡಿಯ ಮುಂದೆ ಕುಳಿತು ಸಣ್ಣ ಉಳಿ, ಸುತ್ತಿಗೆ ಹಿಡಿದು ಟಕಟಕನೆ ಹೆಸರು ಹಾಕುತ್ತಿದ್ದವರನ್ನು ನಮ್ಮ ತಲೆಮಾರಿನವರು ಬಲ್ಲರು. ಆ ಚುಕ್ಕೆಯು ಲೋಹವನ್ನು ಕಿತ್ತು ತೆಗೆಯುವುದಿಲ್ಲ, ಒತ್ತಿ ಸರಿಸುತ್ತದೆ. ಆದ್ದರಿಂದಲೇ ತೆಳುವಾದ ತಗಡೂ ಅದನ್ನು ತಾಳಿಕೊಳ್ಳುತ್ತದೆ. ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಚ್ಚಿ ಅವಳು ಅದನ್ನು ತಿಕ್ಕುತ್ತಿದ್ದಳು. ಅಂಚುಗಳು ನುಣುಪಾಗಿದ್ದವು, ಹೆಸರು ಹಾಗೆಯೇ ಇತ್ತು. ಒತ್ತಕ್ಷರವೂ ತನ್ನ ಸ್ಥಾನದಲ್ಲಿಯೇ ಇತ್ತು.

ನಮ್ಮ ಊರಿನಲ್ಲಿ ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ, 1219ರ ಶಿಲಾಶಾಸನವಿದ್ದುದು ನಿಮಗೆ ಗೊತ್ತೇ ಇದೆ. ನಮ್ಮ ಜಿಲ್ಲೆಯ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ದೊರೆತಿವೆ. ತಾಮ್ರಪಟಗಳನ್ನು ಮಾಡುತ್ತಿದ್ದವರು ಎಷ್ಟೋ ಕಡೆ ಅಂಚನ್ನು ತುಸು ಎತ್ತರಿಸುತ್ತಿದ್ದರು. ಪಟಗಳು ಒಂದಕ್ಕೊಂದು ಉಜ್ಜಿ ಅಕ್ಷರ ಸವೆಯಬಾರದೆಂದು. ವಿಜ್ಞಾನದ ಮಾಸ್ತರನಾದ ನನಗೆ ಈ ಮುಂದಾಲೋಚನೆಯ ಮೇಲೆ ಮೊದಲಿನಿಂದಲೂ ಗೌರವ.

ಎರಡನೆಯ ಸಲ ಬೇರೊಂದು ಅಂಗಡಿಗೆ ಹೋದೆ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ಅಕ್ಷರ ಕೊರೆಯುವ ಪದ್ಧತಿಯನ್ನು ಅವರು ಸೂಚಿಸಿದರು. ದ್ರಾವಣವು ಕೆಳಮುಖವಾಗಿ ತಿಂದಂತೆ ಪಕ್ಕಕ್ಕೂ ತಿನ್ನುತ್ತದೆ. ಆಳ ಹೆಚ್ಚಿದಷ್ಟೂ ಸಣ್ಣ ಒತ್ತುಗಳ ಹೊಟ್ಟೆ ಒಂದಕ್ಕೊಂದು ಕೂಡಿಕೊಳ್ಳುವ ಭಯ. ಅಚ್ಚುಮೊಳೆಯಿಂದ ಬಡಿದು ಮೂಡಿಸೋಣವೆಂದರೆ ಅವರಲ್ಲಿ ಇದ್ದವೆಲ್ಲ ಇಂಗ್ಲಿಷ್ ಅಕ್ಷರದ ಮೊಳೆಗಳು. ಕೊನೆಗೆ, ತಿರುಗುವ ಸಣ್ಣ ಮೊನೆಯಿಂದ ಹಿತ್ತಾಳೆಯನ್ನು ಅರ್ಧ ಮಿಲಿಮೀಟರ್ ಆಳಕ್ಕೆ ಕೆತ್ತಿಸಿ, ಕಪ್ಪು ಬಣ್ಣ ತುಂಬಿಸುವುದೆಂದು ಒಪ್ಪಿದೆ. ಬಣ್ಣ ಉದುರಬಹುದು; ತಗ್ಗು ಉಳಿದರೆ ಮತ್ತೆ ತುಂಬಿಸಬಹುದು. ಖರ್ಚು ಲೇಸರ್‌ಗಿಂತ ಹೆಚ್ಚಾಯಿತು. ಮಗ ಫೋನಿನಲ್ಲಿ ಗೊಣಗಿದ.

ಈ ಸಲ ತಂತ್ರಾಂಶವನ್ನು ನಂಬಲಿಲ್ಲ. ಬಿಳಿಯ ಹಾಳೆಯ ಮೇಲೆ ಎರಡೂ ಹೆಸರುಗಳನ್ನು ಸ್ವತಃ ಬರೆದು, ಅದನ್ನೇ ಚಿತ್ರವಾಗಿ ತೆಗೆದುಕೊಳ್ಳಿರೆಂದೆ. ಅವಳ ಹೆಸರನ್ನು ಬರೆಯುವಾಗ ಕೈ ನಡುಗಿ ನಾಲ್ಕು ಹಾಳೆ ಹಾಳಾದವು. ಎರಡು ಹೆಸರುಗಳೂ ಒಂದೇ ಅಳತೆ, ಪದವಿಗೆ ಸ್ಥಳವಿಲ್ಲ.

ಅವ್ವನ ಹೆಸರಿನ ಹಿಂದೆ ‘ದಿ.’ ಎಂದು ಹಾಕಿಸುವುದಿಲ್ಲವೇ ಎಂದು ಮಗ ಕೇಳಿದ. ಅಂಗಡಿಯವರೂ ಕೇಳಿದರು. ಬೇಡವೆಂದೆ. ಮನೆಯಲ್ಲಿ ಯಾರಿರುತ್ತಾರೆಂದು ತಿಳಿಸುವ ಫಲಕ ಅದು.

ಕಳೆದ ಗುರುವಾರ ಅದನ್ನು ನಾಲ್ಕು ತಿರುಪುಗಳಿಂದ ಗೋಡೆಗೆ ಕೂಡಿಸಿದೆ. ಮರುದಿನ ಪತ್ರ ಕೊಡಲು ಬಂದ ಅಂಚೆಯವನು, ನಮ್ಮ ಶಾಲೆಯ 1998ರ ತಂಡದವನು, ಸೈಕಲ್ ಹಿಡಿದುಕೊಂಡೇ ಬಹಳ ಹೊತ್ತು ನಿಂತು ನೋಡಿದ. “ಸರ್, ಇದು ನಿಮ್ಮ ಬೋರ್ಡಿನ ಮ್ಯಾಲಿನ ಅಕ್ಷರಾ ಅಲ್ರೀ?” ಎಂದ. ಆಮೇಲೆ ಕೆಳಗಿನ ಹೆಸರನ್ನು ಓದಿ, ಟೊಪ್ಪಿಗೆ ತೆಗೆದು, “ಅಕ್ಕಾರು ಚಹಾ ಕುಡೀದ ಕಳಸ್ತಿರಲಿಲ್ರೀ” ಎಂದ. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.