ಅಜ್ಜನ ಸೈಕಲ್, ಜಲ್ಲಿ ಹಾದಿ, ಎರಡು ಹೊಳೆ

ಮಕ್ಕಳೇ, ಅಜ್ಜನ ಕಾಲದ ಕರಿ ಸೈಕಲ್ ಎಲ್ಲಾದರೂ ಕಂಡರೆ ಅದರ ಟಯರಿನ ಪಕ್ಕದಲ್ಲಿ ಉಬ್ಬಿ ನಿಂತ ಅಂಕಿಗಳನ್ನು ಓದಿ ನೋಡಿ. 28 × 1½ ಎಂದಿರುತ್ತದೆ. ಒಂದೂವರೆ ಇಂಚು ಅಂದರೆ 40 ಮಿಲಿಮೀಟರಿಗೆ ಹತ್ತಿರ. ಈಗ ಪೇಟೆಯಲ್ಲಿ ದುಬಾರಿ ಬೆಲೆಗೆ ಸಿಗುವ ‘ಗ್ರಾವೆಲ್ ಬೈಕ್’ ಎಂಬ ಸೈಕಲ್ಲಿನ ಟಯರ್ ಅಳೆದರೂ ಹೆಚ್ಚು ಕಡಿಮೆ ಅಷ್ಟೇ ಅಗಲ, 35ರಿಂದ 45 ಮಿಲಿಮೀಟರ್! ಗ್ರಾವೆಲ್ ಅಂದರೆ ಜಲ್ಲಿ. ಜಲ್ಲಿ, ಮಣ್ಣು, ಕೆರೆಯ ಏರಿ ಎಲ್ಲದರ ಮೇಲೂ ಓಡಲಿ ಎಂದೇ ಮಾಡಿದ ಸೈಕಲ್ ಅದು.

ಅಗಲದ ಟಯರಿನ ಗುಟ್ಟು ಸರಳ. ಅದರೊಳಗೆ ಗಾಳಿಗೆ ಜಾಗ ಹೆಚ್ಚು. ಹಾಗಾಗಿ ಕಲ್ಲಿನಂತೆ ಗಟ್ಟಿಯಾಗುವ ಹಾಗೆ ಗಾಳಿ ತುಂಬಬೇಕಿಲ್ಲ. ಮೆತ್ತಗಿರುವ ಟಯರ್ ಚಿಕ್ಕ ಕಲ್ಲು ಸಿಕ್ಕರೆ ಎಗರುವುದಿಲ್ಲ, ಅದನ್ನು ತಬ್ಬಿಕೊಂಡು ದಾಟುತ್ತದೆ. ರೇಸ್ ಸೈಕಲ್ಲಿನ ತೆಳ್ಳನೆಯ ಟಯರಿಗೆ ಈ ಕೆಲಸ ಆಗದು. ಅಮೆರಿಕದ ಕ್ಯಾನ್ಸಸ್‌ನಲ್ಲಿ 2006ರಲ್ಲಿ ಇಂಥ ಹಾದಿಯ ದೊಡ್ಡ ಓಟವೊಂದು ಶುರುವಾಯಿತು. 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಡಾಂಬರಿಲ್ಲದ ಹಾದಿಯಲ್ಲಿ ಹಾಲಿನ ಕ್ಯಾನು ನೇತುಹಾಕಿಕೊಂಡು, ಹಿಂದೊಂದು ಮುಂದೊಂದು ಮಗುವನ್ನು ಕೂರಿಸಿಕೊಂಡು ಹೋದ ನಮ್ಮ ಅಜ್ಜಂದಿರು ಮಾತ್ರ ಅದಕ್ಕೆ ಓಟ ಎನ್ನಲಿಲ್ಲ, ‘ಪೇಟೆಗೆ ಹೋಗಿ ಬಂದೆ’ ಎಂದರು, ಅಷ್ಟೇ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಿಗೆ ಜಲ್ಲಿ ಹಾದಿ ಬಹಳ ದೂರವಿಲ್ಲ. ಕೆಂಗೇರಿ ದಾಟಿದರೆ ಸಾಕು. ಹಾದಿಗಿಂತ ಮೊದಲು ಒಂದು ಹೊಳೆಯ ಪರಿಚಯ ಆಗಬೇಕು. ಅದು ನಿಮ್ಮ ಮನೆಯ ಹಿಂದಿನಿಂದಲೇ ಹೊರಡುತ್ತದೆ.

ಪಶ್ಚಿಮ ಬೆಂಗಳೂರಿನ ಈ ಬಡಾವಣೆಗಳ ಮೇಲೆ ಬೀಳುವ ಮಳೆಯೆಲ್ಲ ಇಳಿಜಾರು ಹುಡುಕಿಕೊಂಡು ವೃಷಭಾವತಿಯನ್ನು ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂಬ ಪ್ರತೀತಿಯಿಂದ ಅವಳಿಗೆ ಈ ಹೆಸರು. ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ಗಾಳಿ ಆಂಜನೇಯನ ಗುಡಿಯನ್ನು ದಾಟಿ ಅವಳು ಕೆಂಗೇರಿಗೆ ಬರುತ್ತಾಳೆ. ಅಲ್ಲಿಂದ ಬಿಡದಿ ಹತ್ತಿರದ ಬೈರಮಂಗಲ ಕೆರೆ, ಮುಂದೆ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ, ಕೊನೆಗೆ ಬಂಗಾಳ ಕೊಲ್ಲಿ. ಹೀಗೆ ವಿಜಯನಗರದ ತಾರಸಿಗೆ ಬಿದ್ದ ಹನಿಗೂ ಸಮುದ್ರಕ್ಕೂ ನಂಟಿದೆ.

ಹಿಂದೆ ಈ ಹೊಳೆಯಲ್ಲಿ ಬಟ್ಟೆ ಒಗೆದವರು, ಮೀನು ಹಿಡಿದವರು, ಈಜು ಕಲಿತವರು ನಿಮ್ಮ ಬೀದಿಯಲ್ಲೇ ಇರಬಹುದು, ಕೇಳಿ ನೋಡಿ. ಇಂದು ಮಳೆಯ ಜೊತೆಗೆ ಊರಿನ ಕೊಳಚೆಯೂ ಕಾರ್ಖಾನೆಗಳ ನೀರೂ ಅದಕ್ಕೆ ಸೇರುತ್ತವೆ. ಕಾರಿನಲ್ಲಿ ಹೋಗುವವರು ಗಾಜು ಏರಿಸಿಕೊಂಡು ದಾಟಿಬಿಡುತ್ತಾರೆ. ಸೈಕಲ್ಲಿಗೆ ಏರಿಸಲು ಗಾಜಿಲ್ಲ. ಹೊಳೆಯ ಬಣ್ಣ, ನೊರೆ, ವಾಸನೆ ಮೂರೂ ನೇರವಾಗಿ ನಮ್ಮ ಬಳಿಗೇ ಬರುತ್ತವೆ.

ಹಾಗಂತ ಎಲ್ಲ ಕೆಟ್ಟಿಲ್ಲ. ನೀರು ನಿಧಾನವಾಗುವ ಕಡೆ ಜೊಂಡು, ಆಪು ಬೆಳೆದು ಜೌಗು ನೆಲವಾಗಿರುತ್ತದೆ. ನೋಡುವವರಿಗೆ ಅದು ಬರೀ ಕೆಸರು, ಸೊಳ್ಳೆಯ ಮನೆ. ಆದರೆ ಜೌಗು ಊರಿನ ಮೂತ್ರಪಿಂಡದಂತೆ ಕೆಲಸ ಮಾಡುತ್ತದೆ. ಹರಿವು ನಿಧಾನವಾದಾಗ ಹೂಳು ತಳಕ್ಕೆ ಕೂರುತ್ತದೆ. ಜೊಂಡಿನ ಬೇರಿಗೆ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಿಗಳು ಕೊಳೆಯನ್ನು ತಿನ್ನುತ್ತವೆ. ಬೆಳ್ಳಕ್ಕಿ, ಮಿಂಚುಳ್ಳಿ, ನಾಮದ ಕೋಳಿ ಅಲ್ಲಿಯೇ ಹೊಟ್ಟೆ ಹೊರೆಯುತ್ತವೆ. ಆದರೆ ಮೂತ್ರಪಿಂಡಕ್ಕೂ ಒಂದು ಮಿತಿ ಇದೆಯಲ್ಲವೇ? ತಾಳಲಾರದಷ್ಟು ಕೊಳೆ ಬಂದರೆ ಅದೂ ಸೋಲುತ್ತದೆ. ಬೈರಮಂಗಲದಲ್ಲಿ ಕೆರೆಯ ನೀರು ಬಿಳಿ ನೊರೆಯಾಗಿ ಧುಮುಕುವುದನ್ನು ಕಂಡರೆ ಈ ಮಾತು ಅರ್ಥವಾಗುತ್ತದೆ. ಅಲ್ಲಿನ ರೈತರು ಅದೇ ನೀರಿನಲ್ಲಿ ಹಸುವಿನ ಮೇವು, ತೆಂಗು ಬೆಳೆಯುತ್ತಾರೆ. ಆ ಹಸುಗಳ ಹಾಲು ಮತ್ತೆ ಊರಿಗೇ ಬರುತ್ತದೆ. ನಾವು ಬಚ್ಚಲಿನಲ್ಲಿ ಸುರಿದದ್ದು ಎಲ್ಲಿಯೋ ಹೋಯಿತು ಎಂದುಕೊಳ್ಳುತ್ತೇವೆ. ನಿಜವಾಗಿ ಯಾವುದೂ ‘ಎಲ್ಲಿಯೋ’ ಹೋಗುವುದಿಲ್ಲ.

ಈಗ ಇನ್ನೊಂದು ಹೊಳೆಯ ಕಡೆ ತುಳಿಯೋಣ. ಕೆಂಗೇರಿಯಿಂದ ಪಶ್ಚಿಮಕ್ಕೆ ತಿರುಗಿ ರಾಮೋಹಳ್ಳಿಯ ಕಡೆ ಹೋದರೆ ಕೇತೋಹಳ್ಳಿಯ ದೊಡ್ಡ ಆಲದ ಮರ ಸಿಗುತ್ತದೆ. ಸುಮಾರು 400 ವರ್ಷದ ಮರ, ಹರಡಿರುವುದು ಮೂರು ಎಕರೆಯಷ್ಟು. ಸೋಜಿಗವೆಂದರೆ ಅದರ ಮೂಲ ಕಾಂಡವೇ ಈಗಿಲ್ಲ! ರೋಗ ಬಂದು ಅದು ಸತ್ತರೂ ಬಿಳಲುಗಳು ನೆಲಕ್ಕಿಳಿದು ತಾವೇ ಕಾಂಡಗಳಾಗಿ ಮರವನ್ನು ಎತ್ತಿ ಹಿಡಿದಿವೆ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ನೆರಳು ಸಿಗದು. ಕೋತಿಗಳಿವೆ, ಬುತ್ತಿಯ ಮೇಲೆ ಕಣ್ಣಿರಲಿ.

ಮುಂದಿನ ಹಾದಿ ಏರುತ್ತ ಇಳಿಯುತ್ತ ಮಂಚನಬೆಲೆಗೆ ಹೋಗುತ್ತದೆ. ರಾಗಿ ಹೊಲ, ಮಾವಿನ ತೋಪು, ನಡುನಡುವೆ ಕವಲೊಡೆಯುವ ಕೆಂಪು ಮಣ್ಣಿನ ದಾರಿ. ಅಗಲದ ಟಯರಿಗೆ ಹಬ್ಬ! ತಿರುವೊಂದು ದಾಟುತ್ತಿದ್ದಂತೆ ಗುಡ್ಡಗಳ ನಡುವೆ ಅಣೆಕಟ್ಟಿನ ನೀರು ಹೊಳೆಯುತ್ತದೆ. ಇದು ಅರ್ಕಾವತಿ. ಹುಟ್ಟಿದ್ದು ನಂದಿಬೆಟ್ಟದಲ್ಲಿ. ಬೆಂಗಳೂರಿಗೆ 1974ರಲ್ಲಿ ಕಾವೇರಿ ಬರುವ ಮುಂಚೆ ಊರಿನವರು ಹೆಚ್ಚಾಗಿ ಕುಡಿದದ್ದು ಇವಳ ನೀರನ್ನೇ. ಮೊದಲು ಹೆಸರಘಟ್ಟದಿಂದ, 1933ರಲ್ಲಿ ಕಟ್ಟೆ ಕಟ್ಟಿದ ಮೇಲೆ ತಿಪ್ಪಗೊಂಡನಹಳ್ಳಿಯಿಂದ. ರಾಜಾಜಿನಗರದಲ್ಲಿ ಬೆಳೆದ ಅಜ್ಜಿ ಚಿಕ್ಕವಳಿದ್ದಾಗ ನಲ್ಲಿ ತಿರುಗಿಸಿದರೆ ಬಹುಶಃ ಅರ್ಕಾವತಿಯೇ ಬರುತ್ತಿದ್ದಳು.

ಮಂಚನಬೆಲೆಯ ನೀರು ಶಾಂತವಾಗಿ ಕಾಣುತ್ತದೆ, ಆದರೆ ಮೋಸ ಹೋಗಬೇಡಿ. ಅಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರು ಬಹಳ. ದಡದಲ್ಲಿ ನಿಂತು ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುವುದನ್ನು ನೋಡಿದರೆ ಸಾಕು.

ಅದರಾಚೆ ಸಾವನದುರ್ಗ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ, ಒಂದೇ ಬಂಡೆ ಎನ್ನುವಂತೆ ಎದ್ದು ನಿಂತಿರುವ ಬೆಟ್ಟ. ಒಂದು ಕಡೆ ಕರಿಗುಡ್ಡ, ಇನ್ನೊಂದು ಕಡೆ ಬಿಳಿಗುಡ್ಡ. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನಿಂದ ಗೆದ್ದುಕೊಂಡ ಕೋಟೆಯೂ ಇಲ್ಲಿಯದೇ. ಬಂಡೆಯ ನಡುವಿನ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಅಪರೂಪದ ಹಕ್ಕಿ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದು ಕಾಣಸಿಗದು.

ಹೊರಡುವ ಮುನ್ನ ಕೆಲವು ಮಾತು. ದೊಡ್ಡವರಿಲ್ಲದೆ ಹೋಗಬೇಡಿ. ಮೈಸೂರು ರಸ್ತೆಯ ದಟ್ಟಣೆಯಲ್ಲಿ ತುಳಿಯುವ ಬದಲು ಕೆಂಗೇರಿಯಾಚೆಗೆ ಸೈಕಲ್ಲನ್ನು ವಾಹನದಲ್ಲಿ ಒಯ್ಯುವುದು ಮೇಲು. ತಲೆಗೆ ಹೆಲ್ಮೆಟ್, ಚೀಲದಲ್ಲಿ ಎರಡು ಬಾಟಲಿ ನೀರು, ಪಂಪು, ಪಂಕ್ಚರ್ ಸಾಮಾನು ಇರಲಿ. ಬೆಳಕು ಹರಿದ ಮೇಲೆ ಹೊರಟು ಸಂಜೆಯೊಳಗೆ ಮರಳಿ. ಸಾವನದುರ್ಗದ ಸುತ್ತ ಇರುವುದು ಕಾಡು, ಆನೆ ಚಿರತೆಗಳ ಮನೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದ ಹಾದಿಗೆ ಇಳಿಯಬಾರದು. ಇಷ್ಟು ದೂರ ಆಗದಿದ್ದರೆ ಆಲದ ಮರದವರೆಗೆ ಹೋಗಿ ಬಂದರೂ ಒಂದು ಭಾನುವಾರ ಸಾರ್ಥಕ. ಗ್ರಾವೆಲ್ ಬೈಕೇ ಬೇಕೆಂದು ಹಟ ಮಾಡಬೇಡಿ, ಬ್ರೇಕ್ ಸರಿಯಾಗಿರುವ, ಅಗಲದ ಟಯರಿನ ಯಾವ ಸೈಕಲ್ಲಾದರೂ ಆದೀತು.

ಚೀಲದಲ್ಲಿ ಒಂದು ಚಿಕ್ಕ ನೋಟ್‌ಬುಕ್ ಕೂಡ ಇಡಿ. ಕೆಂಗೇರಿಯಲ್ಲಿ ವೃಷಭಾವತಿಯ ಮುಂದೆ ನಿಂತು ಒಂದು ಪುಟ, ಮಂಚನಬೆಲೆಯಲ್ಲಿ ಅರ್ಕಾವತಿಯ ಮುಂದೆ ನಿಂತು ಒಂದು ಪುಟ ಬರೆಯಿರಿ. ನೀರಿನ ಬಣ್ಣ ಏನು? ವಾಸನೆ ಇದೆಯೇ? ಎಷ್ಟು ಬಗೆಯ ಹಕ್ಕಿ ಕಂಡಿರಿ? ಕಪ್ಪೆ ವಟಗುಟ್ಟಿತೇ? ಮನೆಗೆ ಬಂದು ಆ ಪುಟಗಳನ್ನು ಅಜ್ಜ ಅಜ್ಜಿಗೆ ಓದಿ ಹೇಳಿ. ಎದುರಿನ ಖಾಲಿ ಪುಟದಲ್ಲಿ, ತಮ್ಮ ಕಾಲದಲ್ಲಿ ಆ ಹೊಳೆ ಹೇಗಿತ್ತೆಂದು ಅವರು ಬರೆಯಲಿ. ಮುಂದಿನ ವರ್ಷ ಅದೇ ತಿಂಗಳು ಅದೇ ನೋಟ್‌ಬುಕ್ ಹಿಡಿದು ಮತ್ತೆ ಹೋಗಿ.