ಸನ್ನತಿಯಿಂದ ಲಂಡನ್ನಿಗೆ: ಎರಡು ಟಿಕೇಟು, ಒಂದು ಪೆಟ್ಟಿಗೆ

ಭೀಮಾ ತೀರದ ಸನ್ನತಿಗೆ ಬರುವವರಲ್ಲಿ ಹೆಚ್ಚಿನವರು ಚಂದ್ರಲಾಂಬಾ ದೇವಿಯ ದರ್ಶನಾರ್ಥಿಗಳು. ಇತಿಹಾಸದಲ್ಲಿ ಅಭಿರುಚಿಯುಳ್ಳವರು ಸಮೀಪದ ಕನಗನಹಳ್ಳಿಗೂ ಹೋಗಿ ಬೌದ್ಧ ಸ್ತೂಪದ ಶಿಲೆಗಳನ್ನು ನೋಡಿ ಮರಳುತ್ತಾರೆ. 1986ರಲ್ಲಿ ಇಲ್ಲಿಯ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಪ್ರಾಕೃತ ಶಾಸನವು ಬ್ರಾಹ್ಮೀ ಲಿಪಿಯಲ್ಲಿ ದೊರೆಯಿತು. ಮುಂದೆ 1990ರ ದಶಕದ ಉತ್ಖನನದಲ್ಲಿ ಕನಗನಹಳ್ಳಿಯಲ್ಲಿ ಅರಸನೊಬ್ಬನ ಉಬ್ಬುಶಿಲ್ಪವು ಸಿಕ್ಕಿತು. ಅದರ ಮೇಲೆ ‘ರಾಯೋ ಅಸೋಕೋ’ ಎಂಬ ಎರಡು ಶಬ್ದಗಳಿದ್ದುದರಿಂದಲೇ ಆ ಮೂರ್ತಿ ಯಾರದೆಂದು ಜಗತ್ತಿಗೆ ತಿಳಿಯಿತು. ಅಷ್ಟು ಬರೆಯದೆ ಬಿಟ್ಟಿದ್ದರೆ ಅವನೂ ಹೆಸರಿಲ್ಲದ ಅರಸರಲ್ಲಿ ಒಬ್ಬನಾಗಿ ಮಣ್ಣಿನಿಂದ ಎದ್ದು ಬರುತ್ತಿದ್ದನು.

ನಾವು ಈ ಸ್ಥಳಗಳನ್ನು ಅನೇಕ ಸಲ ಕಂಡಿದ್ದೇವೆ. ಆದರೆ ಕಳೆದ ವೈಶಾಖದಲ್ಲಿ ಹೋದದ್ದು ಶಾಸನವನ್ನು ನೋಡಲಿಕ್ಕಲ್ಲ. ಸನ್ನತಿಯ ನೆರೆಯ ಹಳ್ಳಿಯೊಂದರಲ್ಲಿ ನಮ್ಮ ಮಠದ ಹಳೆಯ ಭಕ್ತರ ಮನೆಯ ಹಿರಿಯ ತಾಯಿ ಲಿಂಗೈಕ್ಯರಾದ ಸುದ್ದಿ ಬಂದಿತ್ತು. ಒಬ್ಬನೇ ಮಗ ಲಂಡನ್ನಿನಲ್ಲಿ. ಮಂಗಳವಾರ ನಸುಕಿನಲ್ಲಿ ತಾಯಿ ಹೋದರು. ಮಗ ಅಂದೇ ಹೊರಟನು. ಬುಧವಾರ ರಾತ್ರಿ ಎಂಟರೊಳಗೆ ಮನೆ ಮುಟ್ಟುವೆನೆಂದು ಹೇಳಿದ್ದನು. ಕಲಬುರಗಿಯಿಂದ ಶೈತ್ಯಪೆಟ್ಟಿಗೆಯನ್ನು ತರಿಸಿ ಕಾಯ್ದರು. ಬುಧವಾರ ಮಧ್ಯಾಹ್ನ ಫೋನು ಬಂದಿತು. ಮುಂಬಯಿಯಲ್ಲಿ ಎರಡನೆಯ ವಿಮಾನ ತಪ್ಪಿದೆ, ಮುಂದಿನದು ರಾತ್ರಿಗೆ, ಊರು ಮುಟ್ಟಲು ಮರುದಿನ ಬೆಳಗಾಗುವುದು. ನಮ್ಮ ಸೀಮೆಯ ವೈಶಾಖದ ಬಿಸಿಲನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಹಿರಿಯರು ನಮ್ಮ ಮುಖ ನೋಡಿದರು. ಹೊತ್ತು ಮುಳುಗುವ ಮೊದಲು ತಾಯಿಯನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಪತ್ರಿ ಅರ್ಪಿಸಿ ಸಮಾಧಿ ಮಾಡಲಾಯಿತು. ಮಣ್ಣು ಹಾಕುವ ಮಗನ ಕೈ ಅಲ್ಲಿರಲಿಲ್ಲ.

ಗುರುವಾರ ಬೆಳಿಗ್ಗೆ ಅವನು ಬಂದು ಗದ್ದುಗೆಯ ಹಸಿ ಮಣ್ಣಿನ ಬಳಿ ಬಹಳ ಹೊತ್ತು ಕುಳಿತನು. ಆಮೇಲೆ ನಮ್ಮನ್ನು ಕೇಳಿದನು: “ಎಲ್ಡೂ ಟಿಕೇಟು ನನ್ನ ಹೆಸರ್ಲೇ ಇದ್ದವ್ರಿ ಅಪ್ಪಾರ. ಒಂದ ದಿವಸ, ಒಂದ ಊರು. ಮತ್ತ ಹ್ಯಾಂಗ ತಪ್ಪಿತ್ರಿ?”

ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಮೊಮ್ಮಕ್ಕಳನ್ನು ನೋಡಲು ಹೋಗುವ ಹಿರಿಯರೂ ಕಡಿಮೆಯಿಲ್ಲ. ಶಾಸ್ತ್ರ ಓದಿದ ಮುದುಕನು ವಿಮಾನದ ಮಾತು ಆಡುವುದು ಕೆಲವರಿಗೆ ನಗೆ ತಂದೀತು. ತರಲಿ.

ಹುಡುಗನು ಒಂದು ಟಿಕೇಟನ್ನು ಲಂಡನ್ನಿನಿಂದ ಮುಂಬಯಿಗೆ, ಬೇರೊಂದನ್ನು ಮುಂಬಯಿಯಿಂದ ಹೈದರಾಬಾದಿಗೆ ತೆಗೆದಿದ್ದನು. ನಡುವೆ ಎರಡೂ ಮುಕ್ಕಾಲು ಗಂಟೆ. ಮೊದಲ ವಿಮಾನ ಐವತ್ತು ನಿಮಿಷ ತಡವಾಯಿತು. ವಲಸೆ ಇಲಾಖೆಯ ಸಾಲಿನಲ್ಲಿ ನಲವತ್ತು ನಿಮಿಷ ಕಳೆಯಿತು. ಬಳಿಕ ಪೆಟ್ಟಿಗೆಗಾಗಿ ತಿರುಗುವ ಪಟ್ಟಿಯ ಮುಂದೆ ಮೂವತ್ತೈದು ನಿಮಿಷ ನಿಂತನು. ಅದನ್ನು ಎಳೆದುಕೊಂಡು ಕಸ್ಟಮ್ಸ್ ದಾಟಿ ಮೇಲಿನ ಅಂತಸ್ತಿಗೆ ಓಡುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ವಿಮಾನ ಇನ್ನೂ ನೆಲದ ಮೇಲೆಯೇ ಇತ್ತು! ಕೈಚೀಲವೊಂದೇ ಇದ್ದಿದ್ದರೆ ಬಹುಶಃ ಹತ್ತುತ್ತಿದ್ದನು. ಮುಂದಿನ ತಿಂಗಳು ಊರಿಗೆ ಬರುವವನಿದ್ದುದರಿಂದ ತುಂಬಿಟ್ಟಿದ್ದ ಪೆಟ್ಟಿಗೆಯನ್ನೇ ದುಃಖದ ಭರದಲ್ಲಿ ಎತ್ತಿಕೊಂಡು ಬಂದಿದ್ದನು.

ನಮ್ಮ ಬಾಲ್ಯದ ವಾಡಿ ಜಂಕ್ಷನ್ ನೆನಪಾಯಿತು. ಮುಂಬಯಿ–ಮದ್ರಾಸಿನ ಹಳಿಗೆ ಹೈದರಾಬಾದಿನ ಹಳಿ ಬಂದು ಕೂಡುವ ಸ್ಥಳವದು. 1874ರಲ್ಲಿ ನಿಜಾಮರ ರೈಲು ಅಲ್ಲಿಂದ ಸಿಕಂದರಾಬಾದಿಗೆ ಓಡತೊಡಗಿತು. ಮಠದ ಪಾಠಶಾಲೆಗೆ ಹೋಗುವಾಗ ತಗಡಿನ ಟ್ರಂಕು ಹಿಡಿದು ನಾವು ವಾಡಿಯಲ್ಲಿಯೇ ಗಾಡಿ ಬದಲಿಸುತ್ತಿದ್ದೆವು. ಟಿಕೇಟು ಊರಿನಿಂದ ಊರಿಗೆ ಒಂದೇ. ದೊಡ್ಡ ಗಾಡಿ ತಡವಾದರೆ ಚಿತ್ತಾಪುರ, ಸೇಡಂ ಕಡೆಯ ಪ್ಯಾಸೆಂಜರು ಕಾದು ನಿಂತದ್ದನ್ನು ಎಷ್ಟೋ ಸಲ ಕಂಡಿದ್ದೇವೆ. ಹಮಾಲನು ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆಯುತ್ತಿದ್ದ, ನಾವು ಶಾಬಾದಿ ಕಲ್ಲು ಹಾಸಿದ ಪ್ಲಾಟ್‌ಫಾರ್ಮಿನ ಮೇಲೆ ಅವನ ಬೆನ್ನು ಹಿಡಿದು ಓಡುತ್ತಿದ್ದೆವು. ಈಚೆಗೆ, 2019ರ ಏಪ್ರಿಲಿನಿಂದ, ಎರಡು ಬೇರೆ ರೈಲುಗಳ ಕಾದಿರಿಸಿದ ಟಿಕೇಟುಗಳನ್ನು ಒಂದಕ್ಕೊಂದು ಜೋಡಿಸಿಕೊಳ್ಳುವ ಸೌಲಭ್ಯವನ್ನು ರೈಲ್ವೆ ಇಲಾಖೆ ಕೊಟ್ಟಿತು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಪ್ರಯಾಣಿಸದ ಭಾಗದ ಹಣ ಮರಳಿ ಬರುತ್ತದೆ.

ವಿಮಾನದಲ್ಲಿ ಹಾಗಲ್ಲ. ಒಂದೇ ಟಿಕೇಟಿನಲ್ಲಿ ಎರಡು ಹಾರಾಟಗಳಿದ್ದರೆ ಕೊನೆಯ ಊರು ಮುಟ್ಟಿಸುವ ಹೊಣೆ ಕಂಪನಿಯದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನದಲ್ಲಿ ಕೂಡಿಸುತ್ತಾರೆ. ಪೆಟ್ಟಿಗೆಗೂ ಕೊನೆಯ ಊರಿನ ಚೀಟಿಯನ್ನೇ ಅಂಟಿಸುತ್ತಾರೆ. ಎರಡು ಟಿಕೇಟುಗಳನ್ನು ಬೇರೆ ಬೇರೆಯಾಗಿ ಕೊಂಡರೆ ಅವು ಎರಡು ಕರಾರುಗಳು. ಒಂದರ ಕಷ್ಟ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಎರಡನೆಯ ಕಂಪನಿಯ ಪುಸ್ತಕದಲ್ಲಿ ನೀವು ಬಾರದೆ ಹೋದ ಪ್ರಯಾಣಿಕರು, ಅಷ್ಟೇ. ಇನ್ನೂ ಒಂದು ಸಂಕಟವಿದೆ. ಆ ಎರಡನೆಯ ಟಿಕೇಟಿನಲ್ಲಿಯೇ ಮರಳಿ ಬರುವ ಹಾರಾಟವೂ ಸೇರಿದ್ದರೆ, ಹೋಗುವುದನ್ನು ತಪ್ಪಿಸಿಕೊಂಡವರ ಮರಳುವ ಸ್ಥಾನವನ್ನೂ ಸಾಮಾನ್ಯವಾಗಿ ರದ್ದು ಮಾಡುತ್ತಾರೆ. ಎರಡು ಬಿಡಿ ಟಿಕೇಟುಗಳು ಒಮ್ಮೊಮ್ಮೆ ಅಗ್ಗವಾಗಿ ಸಿಗುತ್ತವೆ ನಿಜ. ಆ ಉಳಿತಾಯಕ್ಕೆ ಅಡವಿಟ್ಟದ್ದು ಏನೆಂದು ಕೊಳ್ಳುವಾಗ ಯಾರೂ ಹೇಳುವುದಿಲ್ಲ.

ನಾವೂ ಈ ಅಜ್ಞಾನದಿಂದ ಹೊರತಾಗಿರಲಿಲ್ಲ. ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ, ಬ್ರಿಟಿಷ್ ಪಾರ್ಲಿಮೆಂಟಿನ ಆಚೆಯ ದಡದಲ್ಲಿ, ವಿಶ್ವಗುರು ಬಸವಣ್ಣನವರ ಪ್ರತಿಮೆ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡಿತು. ಅದಕ್ಕಾಗಿ ದುಡಿದ, ಲ್ಯಾಂಬೆತ್ ನಗರದ ಮಾಜಿ ಮೇಯರ್ ಡಾ. ನೀರಜ ಪಾಟೀಲರು ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರದವರು. ಅದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು 2023ರ ನವೆಂಬರಿನಲ್ಲಿ ಈಡೇರಿತು. ಕಲಬುರಗಿಯಿಂದ ಬೆಂಗಳೂರಿನ ಟಿಕೇಟನ್ನು ಇಲ್ಲಿಯ ಭಕ್ತರು, ಬೆಂಗಳೂರಿನಿಂದ ಲಂಡನ್ನಿನದನ್ನು ಅಲ್ಲಿಯ ಭಕ್ತರು ತೆಗೆಸಿದರು. ಇಬ್ಬರದೂ ಭಕ್ತಿಯೇ, ಆದರೆ ಟಿಕೇಟು ಎರಡಾದವು.

ಶ್ರೀನಿವಾಸ ಸರಡಗಿಯ ಬಳಿಯ ನಮ್ಮ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಗೊಂಡದ್ದು. ಅಲ್ಲಿ ಪೆಟ್ಟಿಗೆಯನ್ನು ತೂಗಿದರೆ 22 ಕಿಲೋ. ಅರ್ಧ ವಚನ ಸಾಹಿತ್ಯ, ಇನ್ನರ್ಧ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಲಂಡನ್ನಿನ ಟಿಕೇಟಿಗೆ 23 ಕಿಲೋ ಸಲ್ಲುತ್ತಿತ್ತು. ದೇಶದೊಳಗಿನದಕ್ಕೆ 15 ಮಾತ್ರ. ಏಳು ಕಿಲೋಗಳಿಗೆ ಹಣ ತೆತ್ತೆವು. ಒಂದೇ ಟಿಕೇಟಾಗಿದ್ದರೆ ಸಾಮಾನ್ಯವಾಗಿ ಉದ್ದಕ್ಕೂ ಒಂದೇ ತೂಕ ನಡೆಯುತ್ತದೆ. “ಪೆಟ್ಟಿಗೆ ನೇರ ಲಂಡನ್ನಿಗೆ ಹೋಗುವುದಲ್ಲವೇ ತಂಗಿ?” ಎಂದು ಕೇಳಿದೆವು. “ಇಲ್ರಿ ಅಜ್ಜಾರ, ಆ ಟಿಕೇಟು ನಮಗ ಕಾಣ್ಸೂದಿಲ್ಲ. ಬೆಂಗ್ಳೂರಾಗ ತಗೊಂಡು ಮತ್ತ ಕೊಡಬೇಕ್ರಿ” ಎಂದಳು ಆ ಮಗಳು. ಪುಣ್ಯಕ್ಕೆ ನಮಗೆ ನಡುವೆ ಒಂದು ರಾತ್ರಿಯ ಬಿಡುವಿತ್ತು. ಬೆಂಗಳೂರಿನಲ್ಲಿ ಇಳಿದದ್ದೂ ಲಂಡನ್ನಿಗೆ ಹತ್ತಿದ್ದೂ ಒಂದೇ ಎರಡನೆಯ ಟರ್ಮಿನಲ್ಲಿನಲ್ಲಿ. ಆ ಭವ್ಯ ಕಟ್ಟಡದಿಂದ 2023ರ ಜನವರಿ 15ರಂದು ಹೊರಟ ಮೊಟ್ಟಮೊದಲ ವಿಮಾನವು ನಮ್ಮ ಕಲಬುರಗಿಗೇ ಬಂದದ್ದೆಂಬುದು ನಮ್ಮ ಭಾಗದವರಿಗೆ ಸಣ್ಣ ಹೆಮ್ಮೆ. ಎಲ್ಲರಿಗೂ ಹೀಗೆ ಅನುಕೂಲವಾಗುವುದಿಲ್ಲ. ಇಳಿಯುವ ಮತ್ತು ಹತ್ತುವ ಟರ್ಮಿನಲ್ಲುಗಳು ಬೇರೆಯಾದರೆ ಬಸ್ಸು ಹಿಡಿದು ಹೋಗಬೇಕಾದೀತು. ಟಿಕೇಟಿನಲ್ಲಿ ಅದನ್ನು ಮೊದಲೇ ನೋಡಿಕೊಳ್ಳತಕ್ಕದ್ದು.

ಇಷ್ಟಲಿಂಗದ ಮಾತನ್ನು ಇಲ್ಲಿಯೇ ಹೇಳಿಬಿಡುವೆವು. ಅನೇಕ ಭಕ್ತರು ಸಂಕೋಚದಿಂದ ಕೇಳುತ್ತಾರೆ. ಪೆಟ್ಟಿಗೆ ಎಲ್ಲಿಯಾದರೂ ಉಳಿದೀತು, ಎರಡು ದಿನ ತಡೆದು ಬಂದೀತು. ಆದ್ದರಿಂದ ಲಿಂಗ, ವಿಭೂತಿ ಗಟ್ಟಿ, ನಿತ್ಯದ ಔಷಧಿ ಮತ್ತು ಕಾಗದಪತ್ರಗಳು ಪೆಟ್ಟಿಗೆಯೊಳಗೆ ಹೋಗಲೇಬಾರದು. ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆಗೆ ಯಂತ್ರ ಕೂಗುತ್ತದೆ. ಬೆಂಗಳೂರಿನಲ್ಲಿ ನಮ್ಮ ಎದೆಯ ಬಳಿ ಕೂಗಿತು. ಅಧಿಕಾರಿಗೆ ಇದು ಇಷ್ಟಲಿಂಗವೆಂದು ಶಾಂತವಾಗಿ ಹೇಳಿ ನಾವೇ ಕರಡಿಗೆ ತೆರೆದು ತೋರಿಸಿದೆವು; ಅವನು ಕೈ ಮುಗಿದು ಬಿಟ್ಟನು. ಎಲ್ಲರೂ ಹಾಗೆ ಮಾಡುವರೆಂದಲ್ಲ. ಮರೆಯ ಕೋಣೆಯಲ್ಲಿ ತಪಾಸಣೆ ಮಾಡಿರೆಂದು ಕೇಳಲು ಅವಕಾಶವಿದೆ. ಕರಡಿಗೆಯ ಬದಲು ವಸ್ತ್ರದಲ್ಲಿ ಕಟ್ಟಿಕೊಂಡರೆ ತೊಂದರೆ ಇನ್ನೂ ಕಡಿಮೆ. ಹಿಂದಿರುಗುವಾಗ ನಾವು ಹಾಗೆಯೇ ಮಾಡಿದೆವು.

ಮತ್ತೆ ಪೆಟ್ಟಿಗೆಗೆ ಬರೋಣ. ಹೊರದೇಶದಿಂದ ಭಾರತಕ್ಕೆ ಬರುವವರು ಮೊದಲು ಇಳಿದ ಊರಿನಲ್ಲಿಯೇ ವಲಸೆ ಮತ್ತು ಕಸ್ಟಮ್ಸ್ ಮುಗಿಸಬೇಕು. ಟಿಕೇಟು ಒಂದೇ ಆಗಿದ್ದರೂ ಸಾಮಾನ್ಯವಾಗಿ ಅಲ್ಲಿ ಪೆಟ್ಟಿಗೆ ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಅಮೆರಿಕದಲ್ಲಿಯೂ ಬಹುಮಟ್ಟಿಗೆ ಇದೇ ಪದ್ಧತಿ. ದುಬೈ, ದೋಹಾಗಳಂಥ ಊರುಗಳಲ್ಲಿ ವಿಮಾನ ಬದಲಿಸುವವರಿಗೆ ಒಂದೇ ಟಿಕೇಟಿದ್ದರೆ ಪೆಟ್ಟಿಗೆಯ ಚಿಂತೆಯಿಲ್ಲ. ಬಿಡಿ ಟಿಕೇಟುಗಳಾಗಿದ್ದು, ಮೊದಲ ಕಂಪನಿ ಮುಂದಿನವರೆಗೆ ಚೀಟಿ ಹಾಕಿಕೊಡದಿದ್ದರೆ, ಪೆಟ್ಟಿಗೆಗಾಗಿ ಆ ದೇಶದ ಒಳಗೆ ಹೋಗಬೇಕು. ಒಳಗೆ ಹೋಗಲು ಆ ದೇಶದ ವೀಸಾ ಬೇಕು. ವೀಸಾ ಇಲ್ಲದ ಹಿರಿಯರು ಇತ್ತ ಹೋಗಲಾರದೆ ಅತ್ತ ಬರಲಾರದೆ ನಿಲ್ಲುತ್ತಾರೆ. ಕಂಪನಿಗಳ ನಡುವೆ ಒಪ್ಪಂದವಿದ್ದರೆ ಕೆಲವರು ಎರಡು ಟಿಕೇಟುಗಳಿದ್ದರೂ ಕೊನೆಯವರೆಗೆ ಚೀಟಿ ಹಾಕಿಕೊಡುವುದುಂಟು. ಅಗ್ಗದ ದರದ ಕಂಪನಿಗಳಲ್ಲಿ ಅದನ್ನು ನಿರೀಕ್ಷಿಸಬಾರದು. ಕೌಂಟರಿನಲ್ಲಿ ಎರಡೂ ಟಿಕೇಟು ತೋರಿಸಿ ಕೇಳಿರಿ. ‘ಆಗುತ್ತದೆ’ ಎಂದರೂ ಅಲ್ಲಿಗೇ ಬಿಡದೆ ಚೀಟಿಯ ಮೇಲಿನ ಮೂರು ಅಕ್ಷರಗಳನ್ನು ಓದಿರಿ. ಹೈದರಾಬಾದಿಗೆ ‘ಎಚ್‌ವೈಡಿ’, ಬೆಂಗಳೂರಿಗೆ ‘ಬಿಎಲ್‌ಆರ್’, ಮುಂಬಯಿಗೆ ‘ಬಿಒಎಂ’. ಪೆಟ್ಟಿಗೆ ಹೋಗುವುದು ಚೀಟಿ ಹೇಳಿದ ಊರಿಗೆ, ಕೌಂಟರಿನವರು ಬಾಯಿಂದ ಹೇಳಿದ ಊರಿಗಲ್ಲ. ಅದರ ಅರ್ಧ ಚೀಟಿಯನ್ನು ಮನೆ ಮುಟ್ಟುವ ತನಕ ಕಳೆಯಬೇಡಿರಿ.

ಬಿಡಿ ಟಿಕೇಟು ಅನಿವಾರ್ಯವಾದರೆ ಎಷ್ಟು ಬಿಡುವು ಇರಬೇಕು? ನಾವಾದರೆ ಆರು ಗಂಟೆಗಿಂತ ಕಡಿಮೆ ಹೇಳೆವು. ಮದುವೆ, ಪರೀಕ್ಷೆ, ಶಸ್ತ್ರಚಿಕಿತ್ಸೆಯಂಥ ಕಾರ್ಯವಿದ್ದರೆ ಒಂದು ರಾತ್ರಿ ನಡುವೆ ಇರಲಿ. ಸಾವಿನ ಕರೆಗೆ ರಾತ್ರಿ ಕಾಯಲಾಗದು. ಆಗ ಒಂದೇ ಟಿಕೇಟು ತೆಗೆದುಕೊಂಡು, ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಬರಬೇಕು. ಉಟ್ಟ ಬಟ್ಟೆಯಲ್ಲಿ ಬಂದ ಮಗನಿಗೆ ನಮ್ಮ ಊರುಗಳಲ್ಲಿ ಒಂದು ಧೋತರ ಕೊಡುವವರಿಗೆ ಕೊರತೆಯಿಲ್ಲ.

ಇದನ್ನೆಲ್ಲ ಆ ಹುಡುಗನಿಗೆ ಅಂದೇ ಹೇಳಲಿಲ್ಲ. ಹೇಳುವ ಹೊತ್ತು ಅದಾಗಿರಲಿಲ್ಲ. ಎರಡು ತಿಂಗಳ ಮೇಲೆ ಅವನೇ ಫೋನು ಮಾಡಿ ಕೇಳಿದಾಗ ಹೇಳಿದೆವು.

ಮೊನ್ನೆ ತಾಯಿಯ ವರ್ಷದ ಗಣಾರಾಧನೆಗೆ ನಾವು ಮತ್ತೆ ಹೋಗಿದ್ದೆವು. ನಾಲವಾರ ಸ್ಟೇಷನ್ನಿನಲ್ಲಿ ಇಳಿದು ಜೀಪಿನಲ್ಲಿ ಊರು ಸೇರುವಷ್ಟರಲ್ಲಿ ಅವನು ಹೆಂಡತಿ ಮಕ್ಕಳೊಂದಿಗೆ ಬಂದು ಮುಟ್ಟಿದ್ದನು. ಈ ಸಲ ಲಂಡನ್ನಿನಿಂದ ಕೊಲ್ಲಿಯ ಊರೊಂದರಲ್ಲಿ ವಿಮಾನ ಬದಲಿಸಿ ನೇರ ಹೈದರಾಬಾದಿಗೆ, ಒಂದೇ ಟಿಕೇಟು. ಕೊಲ್ಲಿಯಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಯೇ ಬಿಟ್ಟಿತ್ತಂತೆ. ಕಂಪನಿಯವರು ನಾಲ್ಕು ತಾಸಿನ ನಂತರದ ವಿಮಾನದಲ್ಲಿ ಕೂಡಿಸಿದರಂತೆ. ಪೆಟ್ಟಿಗೆಗಳು ಶಂಷಾಬಾದಿನಲ್ಲಿ ಇವರ ಜೊತೆಗೇ ಇಳಿದವು. ಅಲ್ಲಿಂದ ಕೊಡಂಗಲ್, ಸೇಡಂ ದಾರಿಯಾಗಿ ಕಾರು. ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದ ಪೆಟ್ಟಿಗೆಗಳ ಹಿಡಿಕೆಗೆ ಬಿಳಿಯ ಚೀಟಿಗಳು ಇನ್ನೂ ಅಂಟಿಕೊಂಡಿದ್ದವು. ಅವನ ಚಿಕ್ಕ ಮಗಳು ಒಂದೊಂದನ್ನೂ ಹಿಡಿದು ನಮಗೆ ಓದಿ ತೋರಿಸಿದಳು. ಆಮೇಲೆ ಅವಳನ್ನು ಕರೆದುಕೊಂಡು ಅವನು ಗದ್ದುಗೆಗೆ ಪತ್ರಿ ಏರಿಸಲು ಹೋದನು.