ಪಾಲೆಯ ಕಷಾಯ

ಮೂಡುಬಿದಿರೆಯಲ್ಲಿ ಪಾಠ ಹೇಳುವ ನಾನು ಆಟಿ ಅಮಾವಾಸ್ಯೆಗೆ ತಪ್ಪದೆ ಬೆಳ್ತಂಗಡಿಯ ಮನೆಗೆ ಹೋಗುತ್ತೇನೆ. ಅಂದು ಬರಿಹೊಟ್ಟೆಯಲ್ಲಿ ಪಾಲೆಮರದ ಕೆತ್ತೆಯ ಕಷಾಯ ಕುಡಿದರೆ ವರ್ಷವಿಡೀ ರೋಗ ಸುಳಿಯದೆಂದು ಅಜ್ಜಿಯ ನಂಬುಗೆ. ಈ ಸಲ ಮುಖ ಕಿವಿಚಿ, “ಅಜ್ಜನೂ ಕುಡಿದಿದ್ದರಲ್ಲವೇ?” ಎಂದುಬಿಟ್ಟೆ. ಅಜ್ಜಿ ಮಾತಾಡಲಿಲ್ಲ.

1983ರ ಬೇಸಗೆಯಲ್ಲಿ ಹಟ್ಟಿಗೆ ತರಗೆಲೆ ತರಲು ಕಾಡಿಗೆ ಹೋದ ಅಜ್ಜನಿಗೆ ಜ್ವರ ಹಿಡಿಯಿತು. ಮಂಗನ ಕಾಯಿಲೆ! 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ರೋಗ ಅಂದು ನಿಡ್ಲೆಯ ಸುತ್ತ ಹಬ್ಬಿತ್ತು. ಮಂಗಗಳನ್ನೂ ಕೊಲ್ಲುವ ಅದನ್ನು ಮನುಷ್ಯನಿಗೆ ತಗಲಿಸುವುದು ಕಾಡಿನ ಉಣುಗು. ರೋಗಿಯಿಂದ ಮತ್ತೊಬ್ಬರಿಗೆ ಅದು ಅಂಟದು. ಅದಕ್ಕೆಂದೇ ಮೀಸಲಾದ ಮದ್ದು ಇಂದಿಗೂ ಇಲ್ಲ. ಆಸ್ಪತ್ರೆಯ ಆರೈಕೆಯೇ ಆಧಾರ. ಆದರೂ ನೆರೆಮನೆಯವರು ಹೆದರಿ ಬಾಗಿಲು ಹಾಕಿಕೊಂಡರು. ಹೆಣಕ್ಕೆ ಹೆಗಲು ಕೊಡಲು ಬಂಟ್ವಾಳದಿಂದ ಅಜ್ಜಿಯ ತಮ್ಮಂದಿರೇ ಬರಬೇಕಾಯಿತಂತೆ.

2020ರಲ್ಲಿ ಅದೇ ನೆರೆಮನೆಗೆ ಕೊರೋನಾ ಬಂತು. ಅದಾದರೋ ನಿಜವಾಗಿಯೂ ಅಂಟುವ ರೋಗ. ಅಜ್ಜಿ ಮೂಗುಬಾಯಿಗೆ ಸೆರಗು ಸುತ್ತಿ, ದಿನವೂ ಗಂಜಿಯ ಪಾತ್ರೆಯನ್ನು ಅವರ ಜಗಲಿಯಲ್ಲಿಟ್ಟು, ದೂರದಿಂದ ಕೂಗಿ ಹೇಳಿ ಮರಳುತ್ತಿದ್ದರು. “ನಮಗೇಕೆ ಅವರ ಉಸಾಬರಿ?” ಎಂದು ಮೂಡುಬಿದಿರೆಯಿಂದ ಫೋನಿನಲ್ಲಿ ಗದರಿದವನು, ಎಂ.ಎ. ಓದಿದ ನಾನು.

ಲೋಟದಲ್ಲಿ ಉಳಿದ ಕಹಿಯನ್ನು ಒಂದೇ ಗುಟುಕಿಗೆ ಮುಗಿಸಿದೆ.